ಓಣಿಯ ಕಾಮಣ್ಣನನ್ನು ಓಣಿಯ ಮಕ್ಕಳಿಗೇ ಬಿಡಿ

ಸಂಪಾದಕರಿಗೆ ನಮಸ್ಕಾರ.

ಹೋಳಿ ಹುಣ್ಣಿಮೆ ಹತ್ತಿರ ಬಂತು. ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರು ಬರೆದಿದ್ದರು: ಓಣಿ ಓಣಿಗೂ ಕಾಮಣ್ಣನನ್ನು ಸುಡೋದು ಸಾಕು, ಇಡೀ ಊರಿಗೆ ಒಂದೇ ಮೈದಾನದಲ್ಲಿ ದೊಡ್ಡದಾಗಿ ವ್ಯವಸ್ಥೆ ಮಾಡಿ, ಸುತ್ತ ಬ್ಯಾರಿಕೇಡ್ ಹಾಕಿ, ಜನ ಬಂದು ನೋಡಿಕೊಂಡು ಹೋಗಲಿ ಅಂತ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಟೈರು ಸುಟ್ಟ ಹೊಗೆ ನಮ್ಮ ಮನೆಯೊಳಗೂ ಬಂದಿದೆ. ಆದರೆ ಅವರು ಹೇಳಿದ ದಾರಿಯಲ್ಲೇ ನಡೆದ ಊರೊಂದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ನಾನು ಬೆಳೆದ ಊರು. ಅಲ್ಲಿ ಏನಿತ್ತು, ಏನು ಹೋಯಿತು ಅಂತ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸಬೇಡಿ.

ನಮ್ಮಪ್ಪ ಹುಬ್ಬಳ್ಳಿಯ ಕೆ.ಎಂ.ಸಿ.ಯಲ್ಲಿ ಡಾಕ್ಟರಿಕೆ ಓದಿ, ಆ ಕಾಲದ ಎಷ್ಟೋ ಡಾಕ್ಟರುಗಳ ಹಾಗೆ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಹೋದರು. ಅದು 1965. ನನಗೆ ಆಗ ಮೂರು ವರ್ಷ. ಯಾರ್ಕ್‌ಷೈರ್‌ನ ಹಡರ್ಸ್‌ಫೀಲ್ಡ್ ಅನ್ನೋ ಊರು. ಉಣ್ಣೆ ಬಟ್ಟೆಯ ಮಿಲ್ಲುಗಳ ಊರು, ಕಪ್ಪು ಹಿಡಿದ ಕಲ್ಲಿನ ಮನೆಗಳು, ಒಂದಕ್ಕೊಂದು ಅಂಟಿಕೊಂಡು ಗುಡ್ಡದ ಮೇಲೆ ಸಾಲಾಗಿ ಹತ್ತುವ ಬೀದಿಗಳು. ನಮ್ಮ ಬೀದಿಯಲ್ಲಿ ಮಿಲ್ಲಿಗೆ ಹೋಗುವ ಇಂಗ್ಲಿಷರಿದ್ದರು, ರಾತ್ರಿ ಪಾಳಿಗೆ ಹೋಗುವ ಪಂಜಾಬಿ ಸರ್ದಾರ್‌ಜಿಗಳಿದ್ದರು, ಜಮೈಕಾದಿಂದ ಬಂದ ಬಸ್ ಕಂಡಕ್ಟರ್ ಒಬ್ಬರಿದ್ದರು, ಪಕ್ಕದ ಮನೆಯಲ್ಲಿ ಒಬ್ಬಂಟಿ ಐರಿಶ್ ಅಜ್ಜಿ ಇದ್ದರು. ವರ್ಷವಿಡೀ ಇವರೆಲ್ಲ ಒಬ್ಬರಿಗೊಬ್ಬರು ತಲೆಯಾಡಿಸಿ ಮುಂದೆ ಹೋಗುವವರೇ. ಚಳಿ ಹಾಗಿತ್ತು, ಬಾಗಿಲು ತೆರೆದಿಡುವ ಊರಲ್ಲ ಅದು. ಎಲ್ಲರೂ ಹೊರಗೆ ಬಂದು ನಿಲ್ಲುತ್ತಿದ್ದದ್ದು ವರ್ಷಕ್ಕೆ ಒಂದೇ ರಾತ್ರಿ, ನವೆಂಬರ್ 5.

ಬಾನ್‌ಫೈರ್ ನೈಟ್, ಬೀದಿ ಬೀದಿಯಲ್ಲಿ ದೊಡ್ಡ ಬೆಂಕಿ ಹಾಕುವ ರಾತ್ರಿ. ನಮ್ಮ ಕಡೆ ಹಳಬರು ಪ್ಲಾಟ್ ನೈಟ್ ಅಂತಲೂ ಅನ್ನುತ್ತಿದ್ದರು, ಅಂದರೆ ಸಂಚಿನ ರಾತ್ರಿ. 1605ರಲ್ಲಿ ರಾಜ ಒಂದನೇ ಜೇಮ್ಸನನ್ನು ಪಾರ್ಲಿಮೆಂಟ್ ಸಮೇತ ಸಿಡಿಸಿಬಿಡಬೇಕು ಅಂತ ಕೆಲವರು ಸಂಚು ಹೂಡಿದ್ದರು. ಮುಖಂಡ ರಾಬರ್ಟ್ ಕೇಟ್ಸ್‌ಬಿ. ಆದರೆ ನೆಲಮಾಳಿಗೆಯಲ್ಲಿ 36 ಪೀಪಾಯಿ ಮದ್ದಿನ ಪಕ್ಕ ಸಿಕ್ಕಿಬಿದ್ದವನು ಗೈ ಫಾಕ್ಸ್, ಹಾಗಾಗಿ ಜನರ ಬಾಯಲ್ಲಿ ಉಳಿದದ್ದು ಅವನ ಹೆಸರೇ. ಮರುವರ್ಷ ಪಾರ್ಲಿಮೆಂಟು ಆ ದಿನವನ್ನು ಪ್ರತಿ ವರ್ಷ ಆಚರಿಸಲೇಬೇಕು ಅಂತ ಕಾಯ್ದೆ ಮಾಡಿತು. ಆ ಕಾಯ್ದೆಯನ್ನು 1859ರಲ್ಲಿ ತೆಗೆದುಹಾಕಿದರು. ಕಾಯ್ದೆ ಹೋಯಿತು, ಬೆಂಕಿ ಮಾತ್ರ ಉಳಿಯಿತು, ಯಾಕಂದರೆ ಅಷ್ಟೊತ್ತಿಗೆ ಅದು ಸರ್ಕಾರದ್ದಾಗಿರಲಿಲ್ಲ, ಬೀದಿಯ ಹುಡುಗರದ್ದಾಗಿತ್ತು. ಗೈ ಫಾಕ್ಸ್ ನಮ್ಮ ಯಾರ್ಕ್‌ಷೈರಿನವನೇ. ಅವನು ಓದಿದ ಯಾರ್ಕ್ ನಗರದ ಶಾಲೆಯಲ್ಲಿ ಇವತ್ತಿಗೂ ಅವನ ಗೊಂಬೆಯನ್ನು ಸುಡುವುದಿಲ್ಲ, ನಮ್ಮ ಹುಡುಗ ಅಂತ. ಅದು ನನಗೆ ತುಂಬಾ ಇಷ್ಟವಾದ ವಿಷಯ.

ನಮಗೆ ಮಕ್ಕಳಿಗೆ ರಾಜನೂ ಗೊತ್ತಿರಲಿಲ್ಲ, ಸಂಚೂ ಗೊತ್ತಿರಲಿಲ್ಲ. ನಮಗೆ ಗೊತ್ತಿದ್ದದ್ದು ಚಂಪಿಂಗ್. ಬೆಂಕಿಗೆ ಕಟ್ಟಿಗೆ ಕೂಡಿಸಲು ಹೋಗೋದಕ್ಕೆ ಅಲ್ಲಿಯ ಮಾತು ಅದು. ಅಕ್ಟೋಬರ್ ಶುರುವಾದರೆ ಸಾಕು, ಶಾಲೆ ಬಿಟ್ಟ ಮೇಲೆ ಹಳೆಯ ತಳ್ಳುಗಾಡಿ ಹಿಡಿದು ಮನೆ ಮನೆ ಬಾಗಿಲು ಬಡಿಯೋದು, ಮುರಿದ ಕುರ್ಚಿ ಇದೆಯಾ, ಪೆಟ್ಟಿಗೆ ಇದೆಯಾ, ಬೇಡದ ಕಟ್ಟಿಗೆ ಇದೆಯಾ ಅಂತ ಕೇಳೋದು. ಆಗ ಹಳೆಯ ಬೀದಿಗಳನ್ನು ಪುರಸಭೆಯವರು ಸಾಲು ಸಾಲಾಗಿ ಕೆಡವುತ್ತಿದ್ದ ಕಾಲ. ಬಿದ್ದ ಮನೆಗಳಿಂದ ಬಾಗಿಲು, ಕಿಟಕಿ ಚೌಕಟ್ಟು, ಮೆಟ್ಟಿಲು ಎಲ್ಲ ಸಿಗುತ್ತಿತ್ತು. ಮಿಲ್ಲಿನಿಂದ ಬೇಡವಾದ ಮರದ ಬಾಬಿನ್‌ಗಳು ಬರುತ್ತಿದ್ದವು. ನೂಲು ಸುತ್ತುವ ಆ ಬಾಬಿನ್‌ಗಳಿಗೆ ವರ್ಷಗಟ್ಟಲೆ ಎಣ್ಣೆ ಹಿಡಿದಿರುತ್ತಿತ್ತು, ಎಷ್ಟು ಚೆನ್ನಾಗಿ ಉರಿಯುತ್ತಿದ್ದವು ಅಂದರೆ ಒಂದು ಚೀಲ ಬಾಬಿನ್ ಸಿಕ್ಕಿದರೆ ನಮಗೆ ಹಬ್ಬ ಅವತ್ತೇ.

ಒಟ್ಟೋದು ಒಂದು ವಿದ್ಯೆ. ಅದನ್ನು ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುತ್ತಿದ್ದರು. ಉದ್ದನೆಯ ಕಂಬಗಳನ್ನು ಗುಡಿಸಲಿನ ಹಾಗೆ ಒಂದಕ್ಕೊಂದು ಆನಿಸಿ ನಿಲ್ಲಿಸಬೇಕು. ಗಾಳಿ ಬೀಸುವ ಕಡೆಗೆ ಒಂದು ಬಾಗಿಲು ಬಿಡಬೇಕು. ಒಳಗೆ ಒಣ ಚಕ್ಕೆ, ಕಾಗದ. ಭಾರದ್ದು ಹೊರಗೆ. ಹಾಗೆ ಒಟ್ಟಿದರೆ ಉರಿದ ಮೇಲೆ ಒಳಮುಖವಾಗಿಯೇ ಕುಸಿಯುತ್ತದೆ, ಹೊರಗೆ ನಿಂತವರ ಮೇಲೆ ಉರುಳುವುದಿಲ್ಲ. ಹಚ್ಚುವ ಮೊದಲು ಕೋಲು ಹಾಕಿ ಕೆದಕಿ ನೋಡಬೇಕು, ಯಾಕಂದರೆ ಹೆಜ್‌ಹಾಗ್ ಅಂತ ಮೈಮೇಲೆ ಮುಳ್ಳಿರುವ ಒಂದು ಪುಟ್ಟ ಪ್ರಾಣಿ ಚಳಿಗಾಲಕ್ಕೆ ಅಂತ ಅದರೊಳಗೆ ಹೋಗಿ ಮಲಗಿಬಿಡುತ್ತದೆ. ಒಂದು ವರ್ಷ ನಿಜವಾಗಿಯೂ ಒಂದು ಸಿಕ್ಕಿತು. ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಐರಿಶ್ ಅಜ್ಜಿಯ ಹಿತ್ತಲಿಗೆ ಒಯ್ದು ಬಿಟ್ಟೆವು.

ಆಮೇಲೆ ಗೈ, ಅಂದರೆ ಆ ಬೆಂಕಿಯಲ್ಲಿ ಸುಡಲು ಮಾಡುವ ಗೈ ಫಾಕ್ಸನ ಗೊಂಬೆ. ಹಳೆಯ ಪ್ಯಾಂಟು, ಕೋಟು, ಒಳಗೆ ತುಂಬಿದ ಹಳೆ ಪೇಪರು, ತಲೆಗೆ ಒಂದು ಚೀಲ. ಅದನ್ನು ಮಗುವಿನ ಗಾಡಿಯಲ್ಲಿ ಕೂರಿಸಿಕೊಂಡು ಅಂಗಡಿ ಸಾಲಿನ ಮುಂದೆ ನಿಂತು, ಗೈಗೆ ಒಂದು ಪೆನ್ನಿ ಕೊಡಿ ಅಂತ ಕೇಳುವುದು ವಾಡಿಕೆ. 1971ರ ಫೆಬ್ರವರಿಯಲ್ಲಿ ದುಡ್ಡಿನ ಲೆಕ್ಕವೇ ಬದಲಾಯಿತು. ಅಲ್ಲಿಯವರೆಗೆ ಒಂದು ಪೌಂಡಿಗೆ 240 ಪೆನ್ನಿ, ಆಮೇಲೆ 100. ಆ ನವೆಂಬರಿನಲ್ಲಿ ಹೊಸ ಪೆನ್ನಿಯೇ ಕೊಡಿ ಅಂತ ನಾವು ಹಟ ಹಿಡಿದದ್ದು ನೆನಪಿದೆ, ಅದರ ಬೆಲೆ ಹಳೆಯದರ ಎರಡೂವರೆ ಪಟ್ಟು ಹತ್ತಿರ ಅಲ್ವಾ!

ಅವ್ವ ಮೊದಲ ಸಲ ಗೈಯನ್ನು ನೋಡಿದ ದಿನವನ್ನು ಮನೆಯಲ್ಲಿ ಎಷ್ಟೋ ಸಲ ಹೇಳುತ್ತಿದ್ದರು. ಅವ್ವ ಧಾರವಾಡದ ಓಣಿಯಲ್ಲಿ ಹುಟ್ಟಿ ಬೆಳೆದವರು. ಆ ಊರಿಗೆ ಹೋದ ಹೊಸದರಲ್ಲಿ ಅವರಿಗೆ ಭಾಷೆ ಬರುತ್ತಿರಲಿಲ್ಲ, ಕಿಟಕಿಯೇ ಅವರ ಲೋಕ. ಆ ಕಿಟಕಿಯಿಂದ ನೋಡುತ್ತಾರೆ, ಹುಡುಗರು ಒಂದು ಮನುಷ್ಯನ ಗೊಂಬೆಯನ್ನು ಎತ್ತಿಕೊಂಡು ಕಟ್ಟಿಗೆ ರಾಶಿಯ ಮೇಲೆ ಕೂರಿಸುತ್ತಿದ್ದಾರೆ. ಒಂದು ಕ್ಷಣ ಹೆದರಿದರಂತೆ. ಆಮೇಲೆ ಬಾಗಿಲು ತೆಗೆದು ಹೊರಗೆ ಬಂದೇಬಿಟ್ಟರಂತೆ: "ಅಯ್ಯ, ಇದು ನಮ್ಮ ಕಾಮಣ್ಣನ ಐತಲ್ಲ! ಇಲ್ಲಿಗೂ ಬಂದಾನೇನು?" ಆ ರಾತ್ರಿಯ ನಂತರ ಅವ್ವನಿಗೆ ಆ ಬೀದಿ ಪರಕೀಯ ಅನ್ನಿಸಲಿಲ್ಲ. ಇದನ್ನು ಅವರೇ ನನಗೆ ಹೇಳಿದ್ದು, ಸಾಯುವ ಮುಂಚಿನ ವರ್ಷ.

ಆ ರಾತ್ರಿಯ ತಿಂಡಿಗಳನ್ನೂ ಹೇಳಲೇಬೇಕು. ಪಾರ್ಕಿನ್ ಅಂತ ಒಂದು ಕೇಕು, ಓಟ್ಸ್ ಹಿಟ್ಟು, ಶುಂಠಿ, ಕಾಕಂಬಿಯಂಥ ಕಪ್ಪು ಪಾಕ ಹಾಕಿ ಮಾಡೋದು. ಮಾಡಿದ ದಿನ ತಿನ್ನುವ ಹಾಗಿಲ್ಲ, ಡಬ್ಬಿಯಲ್ಲಿ ಕೆಲವು ದಿನ ಮುಚ್ಚಿಟ್ಟರೆ ಮೆತ್ತಗೆ ಅಂಟಂಟಾಗುತ್ತದೆ. ಅದೇ ಪಾಕದ ಗಟ್ಟಿ ಮಿಠಾಯಿಗೆ ಪ್ಲಾಟ್ ಟಾಫಿ ಅನ್ನುತ್ತಿದ್ದರು, ಹಲ್ಲಿಗೆ ಹಿಡಿದರೆ ಬಿಡುತ್ತಿರಲಿಲ್ಲ. ಬೆಂದ ಬಟಾಣಿಗೆ ವಿನೆಗರ್. ಮತ್ತೆ ಆಲೂಗಡ್ಡೆ, ಕೆಂಡದ ಬುಡದಲ್ಲಿ ಹುಗಿದು ಸುಟ್ಟದ್ದು. ಸಿಪ್ಪೆ ಇದ್ದಿಲಾಗಿರುತ್ತಿತ್ತು, ಒಳಗೆ ಹಿಟ್ಟಿನ ಹಾಗೆ ಬಿಳಿ. ಬೇರೆಯವರು ಬೆಣ್ಣೆ ಉಪ್ಪು ಹಾಕಿಕೊಳ್ಳುವಾಗ ಅವ್ವ ಊರಿನಿಂದ ಪಾರ್ಸಲ್ ಬಂದ ಶೇಂಗಾ ಚಟ್ನಿಯ ಡಬ್ಬಿ ತಂದಿಟ್ಟರು. ಒಂದೇ ವರ್ಷ. ಮುಂದಿನ ವರ್ಷದಿಂದ ಆ ಡಬ್ಬಿ ಎಲ್ಲಿ ಅಂತ ಬೀದಿಯ ಮಕ್ಕಳೇ ಕೇಳುತ್ತಿದ್ದರು.

ಪಟಾಕಿ ನಮ್ಮೂರಲ್ಲೇ ತಯಾರಾಗುತ್ತಿತ್ತು, ಸ್ಟ್ಯಾಂಡರ್ಡ್ ಫೈರ್‌ವರ್ಕ್ಸ್ ಅಂತ ಹಡರ್ಸ್‌ಫೀಲ್ಡಿನದೇ ಹಳೆಯ ಕಂಪನಿ. ದೀಪಾವಳಿಯೂ ಆಸುಪಾಸಿನಲ್ಲೇ ಬರುತ್ತಿದ್ದರಿಂದ ಅಪ್ಪ ತರುವ ಒಂದೇ ಪೆಟ್ಟಿಗೆಯನ್ನು ನಾವು ಎರಡೂ ಹಬ್ಬಕ್ಕೆ ಹಂಚಿಕೊಳ್ಳುತ್ತಿದ್ದೆವು. ಹಾಲಿನ ಬಾಟಲಿಯಲ್ಲಿ ನಿಲ್ಲಿಸಿ ಹಾರಿಸುವ ರಾಕೆಟ್, ಕಂಬಕ್ಕೆ ಮೊಳೆ ಹೊಡೆದು ತಿರುಗಿಸುವ ಕ್ಯಾಥರಿನ್ ವೀಲ್, ಚಿಕ್ಕವರಿಗೆ ಸುರುಸುರು ಬತ್ತಿ. ಮುಂದೆ ಧಾರವಾಡಕ್ಕೆ ಬಂದಾಗ ಶಿವಕಾಶಿಯ ಪಟಾಕಿ ಪೆಟ್ಟಿಗೆಯ ಮೇಲೂ ಸ್ಟ್ಯಾಂಡರ್ಡ್ ಅನ್ನೋ ಹೆಸರು ಕಂಡು ನಾನು ಕುಣಿದುಬಿಟ್ಟಿದ್ದೆ. ಎರಡೂ ಬೇರೆ ಬೇರೆ ಕಂಪನಿ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಈಗ 1970ರ ವಿಷಯಕ್ಕೆ ಬರುತ್ತೇನೆ. ಈ ಪತ್ರ ಬರೆಯಲು ಕೂತದ್ದೇ ಅದಕ್ಕೆ.

ಬೀದಿ ಬೀದಿಗೂ ಪೈಪೋಟಿ ಇತ್ತು. ಒಬ್ಬರ ರಾಶಿಯಿಂದ ಇನ್ನೊಬ್ಬರು ಕದಿಯೋದು ಸಾಮಾನ್ಯ. ನವೆಂಬರ್ 4ರ ರಾತ್ರಿಯನ್ನು ಮಿಸ್ಚಿಫ್ ನೈಟ್ ಅನ್ನುತ್ತಿದ್ದರು, ತಂಟೆ ಮಾಡುವ ರಾತ್ರಿ. ಗೇಟು ಕಳಚಿ ಬೇರೆ ಮನೆಗೆ ಇಡೋದು, ಬಾಗಿಲು ಬಡಿದು ಓಡೋದು, ಅಷ್ಟೇ. ಆ ವರ್ಷ ಯಾರೋ ನಮ್ಮ ರಾಶಿಗೆ ಬೆಂಕಿಯನ್ನೇ ಹಚ್ಚಿಬಿಟ್ಟರು. ಅಲ್ಲಿ ಆಗ ಚಳಿಗಾಲದಲ್ಲೂ ಗಡಿಯಾರವನ್ನು ಒಂದು ಗಂಟೆ ಮುಂದೆಯೇ ಇಡುವ ಪ್ರಯೋಗ ನಡೆದಿತ್ತು, 1968ರಿಂದ 1971ರವರೆಗೆ, ಹಾಗಾಗಿ ಬೆಳಿಗ್ಗೆ ಎಂಟಾದರೂ ಬೆಳಕು ಹರಿಯುತ್ತಿರಲಿಲ್ಲ. ಗುರುವಾರ ಬೆಳಿಗ್ಗೆ ಆ ಕತ್ತಲಲ್ಲಿ ಶಾಲೆಗೆ ಹೊರಟ ನಮಗೆ ಮೊದಲು ವಾಸನೆ ಬಂತು. ಬಯಲಿಗೆ ಓಡಿದೆವು. ಐದು ವಾರದ ಕೆಲಸ ಬೂದಿಯಾಗಿತ್ತು. ಅದರ ಗುಡಿಸಲಿನೊಳಗೆ ಮುಚ್ಚಿಟ್ಟಿದ್ದ ನಮ್ಮ ಗೈ ಕೂಡ ಹೋಗಿತ್ತು. ನಮ್ಮ ಗುಂಪಿನ ಮುಖಂಡ, ಹದಿಮೂರು ವರ್ಷದ ಹುಡುಗ, ಎಲ್ಲರ ಎದುರು ಬಿಕ್ಕಿ ಬಿಕ್ಕಿ ಅತ್ತ. ನಾನು ಎಂಟು ವರ್ಷದವಳು, ಅವನು ಅಳೋದು ನೋಡಿ ನನಗೆ ಬೂದಿಗಿಂತ ಜಾಸ್ತಿ ಭಯವಾಯಿತು.

ಶಾಲೆಯಲ್ಲಿ ಅವತ್ತು ಏನು ಕಲಿಸಿದರೋ ಗೊತ್ತಿಲ್ಲ. ಸಂಜೆ ಮನೆಗೆ ಬಂದರೆ ಬಯಲಿನಲ್ಲಿ ಜನ. ರಾತ್ರಿ ಪಾಳಿ ಮುಗಿಸಿ ಮಲಗಬೇಕಿದ್ದ ಸರ್ದಾರ್‌ಜಿ ಮಲಗದೆ ಮಿಲ್ಲಿಗೆ ಮತ್ತೆ ಹೋಗಿ, ಕೇಳಿಕೊಂಡು, ವ್ಯಾನಿನಲ್ಲಿ ಮುರಿದ ಪೆಟ್ಟಿಗೆಗಳನ್ನೂ ಬಾಬಿನ್‌ಗಳನ್ನೂ ತುಂಬಿಕೊಂಡು ಬಂದಿದ್ದರು. ಬಸ್ ಕಂಡಕ್ಟರ್ ತಮ್ಮ ಹಿತ್ತಲಿನ ಬೇಲಿಯನ್ನೇ ಕಿತ್ತು ತಂದಿದ್ದರು, ಹೇಗೂ ಹೊಸದು ಹಾಕಿಸಬೇಕಿತ್ತು ಅಂತ ಹೇಳಿಕೊಂಡು. ಅಪ್ಪ ಆಸ್ಪತ್ರೆಯಿಂದ ಬಂದವರೇ ಟೈ ಕೂಡ ಬಿಚ್ಚದೆ ನಮ್ಮ ಮುರಿದ ಮಂಚವನ್ನು ಹೊತ್ತುಕೊಂಡು ನಡೆದರು, ಇನ್ನೊಂದು ತುದಿಯನ್ನು ಹಿಡಿದಿದ್ದವರು ಅದುವರೆಗೆ ಅಪ್ಪನ ಜೊತೆ ಒಂದು ಮಾತೂ ಆಡದಿದ್ದ ಎದುರು ಮನೆಯವರು. ಆ ಇಬ್ಬರೂ ಕೊನೆಯವರೆಗೂ ಗೆಳೆಯರಾಗಿದ್ದರು, ಪ್ರತಿ ಕ್ರಿಸ್‌ಮಸ್‌ಗೆ ಧಾರವಾಡಕ್ಕೆ ಕಾರ್ಡ್ ಬರುತ್ತಿತ್ತು.

ಮತ್ತೆ ಐರಿಶ್ ಅಜ್ಜಿ. ಅವರು ಪ್ರತಿ ವರ್ಷ ಆ ರಾತ್ರಿ ಪರದೆ ಎಳೆದುಕೊಂಡು ಒಳಗೇ ಇರುತ್ತಿದ್ದರು. ಗೈ ಸುಟ್ಟು ಮುಗಿದ ಮೇಲಷ್ಟೇ ಬಾಗಿಲು ತೆಗೆದು ಪಾರ್ಕಿನ್ ಡಬ್ಬಿ ಹಿಡಿದು ಬರುವರು. ಯಾಕೆ ಅಂತ ನಾವು ಕೇಳಿರಲಿಲ್ಲ. ಸಂಚು ಹೂಡಿದವರು ಕ್ಯಾಥೊಲಿಕರು, ಶತಮಾನಗಳ ಕಾಲ ಆ ರಾತ್ರಿಯೆಂದರೆ ಕ್ಯಾಥೊಲಿಕರನ್ನು ಹೀಯಾಳಿಸುವ ರಾತ್ರಿಯೂ ಆಗಿತ್ತು, ಕೆಲವು ಕಡೆ ಪೋಪನ ಗೊಂಬೆಯನ್ನೂ ಸುಡುತ್ತಿದ್ದರು ಅನ್ನೋದನ್ನು ನಾನು ಓದಿ ತಿಳಿದುಕೊಂಡದ್ದು ದೊಡ್ಡವಳಾದ ಮೇಲೆ. ಅಜ್ಜಿ ಕ್ಯಾಥೊಲಿಕ್. ಆ ಸಂಜೆ ಅವರು ತಮ್ಮ ತೀರಿಹೋದ ಗಂಡನ ಬಟ್ಟೆಯ ಬೀರುವನ್ನು ತೆಗೆದುಕೊಂಡು ಹೋಗಿ ಅಂದರು. ಹುಡುಗರು ಅದನ್ನು ಇಳಿಸಿ ತಂದರು. ಗೈ ಇರಲಿಲ್ಲ. ಹೊಸದು ಮಾಡಲು ಸಮಯವೂ ಇರಲಿಲ್ಲ, ಮಾಡೋಣ ಅಂತ ಯಾರೂ ಅನ್ನಲೂ ಇಲ್ಲ. ಬರೀ ಕಟ್ಟಿಗೆಯ ಬೆಂಕಿ. ಅಜ್ಜಿ ಮೊದಲ ಸಲ ಹಚ್ಚುವಾಗಲೇ ಬಂದು ಮುಂದಿನ ಸಾಲಿನಲ್ಲಿ, ಅವ್ವನ ಕೈ ಹಿಡಿದುಕೊಂಡು ನಿಂತರು. ಆ ಬೆಂಕಿ ಬೇರೆ ವರ್ಷಗಳಿಗಿಂತ ಚಿಕ್ಕದೇ ಇತ್ತು. ರಾತ್ರಿ ಹನ್ನೊಂದರವರೆಗೆ ಯಾರೂ ಮನೆಗೆ ಹೋಗಲಿಲ್ಲ. ಕಾಸಲ್ ಹಿಲ್ ಅಂತ ಊರಿಗೇ ಕಾಣುವ ಒಂದು ಗುಡ್ಡವಿದೆ, ಮೇಲೊಂದು ಗೋಪುರ. ಅದರ ಇಳಿಜಾರಿನ ತುಂಬ, ಕಣಿವೆಯ ಆಚೆ ಕಡೆಯಲ್ಲೂ, ಬೇರೆ ಬೇರೆ ಬೀದಿಗಳ ಬೆಂಕಿಗಳು ಅಲ್ಲೊಂದು ಇಲ್ಲೊಂದು ಕೆಂಪಗೆ ಕಾಣುತ್ತಿದ್ದವು. ಅಪ್ಪನ ಹೆಗಲ ಮೇಲೆ ಕೂತು ಎಣಿಸುತ್ತಾ ನಿದ್ದೆಹೋದೆ.

2018ರ ನವೆಂಬರಿನಲ್ಲಿ ಮಗಳ ಜೊತೆ ಮತ್ತೆ ಅಲ್ಲಿಗೆ ಹೋಗಿದ್ದೆ. ನಮ್ಮ ಬಯಲಿನಲ್ಲಿ ಮನೆಗಳು ಎದ್ದಿವೆ, ಅದಕ್ಕೆ ಬೇಸರವಿಲ್ಲ. ಕಾಯ್ದೆಗಳೂ ಬಂದಿವೆ. ಜೋರಾಗಿ ಸಿಡಿಯುವ ಬ್ಯಾಂಗರ್‌ಗಳ ಮಾರಾಟವನ್ನು 1997ರಲ್ಲೇ ನಿಲ್ಲಿಸಿದರು. 2004ರ ನಿಯಮದ ಪ್ರಕಾರ ರಾತ್ರಿ 11ರ ಮೇಲೆ ಪಟಾಕಿ ಹಚ್ಚುವ ಹಾಗಿಲ್ಲ, ನವೆಂಬರ್ 5ಕ್ಕೆ ಮಾತ್ರ 12ರವರೆಗೆ. ನಮ್ಮ ದೀಪಾವಳಿಗೆ 1 ಗಂಟೆಯವರೆಗೆ ಬಿಟ್ಟಿದ್ದಾರೆ, ಆ ಕಾನೂನಿನಲ್ಲೇ ಹಾಗೆ ಬರೆದಿದೆ. ಇದೆಲ್ಲ ಒಳ್ಳೆಯದೇ. ನಮ್ಮ ಜೊತೆಯ ಒಬ್ಬ ಹುಡುಗನ ಅಂಗೈ ಬ್ಯಾಂಗರ್ ಸಿಡಿದು ಸುಟ್ಟದ್ದನ್ನು ನಾನೇ ನೋಡಿದ್ದೇನೆ, ಅಪ್ಪನೇ ಪಟ್ಟಿ ಕಟ್ಟಿದ್ದರು. ಇಂಥ ನಿಯಮ ಬೇಡ ಅಂತ ನಾನು ಎಂದೂ ಹೇಳೋದಿಲ್ಲ.

ಆದರೆ ನಾವು ಅವತ್ತು ಹೋದದ್ದು ಒಂದು ಪಾರ್ಕಿಗೆ. ಟಿಕೆಟ್ ಕೊಂಡೆವು. ಕಬ್ಬಿಣದ ಬೇಲಿಯ ಹಿಂದೆ ಸಾವಿರಾರು ಜನರ ಮಧ್ಯೆ ನಿಂತೆವು. ಆಕಾಶದಲ್ಲಿ ಇಪ್ಪತ್ತು ನಿಮಿಷ ತುಂಬಾ ಚೆನ್ನಾಗಿ, ನಾನು ಚಿಕ್ಕವಳಿದ್ದಾಗ ಕಂಡದ್ದಕ್ಕಿಂತ ಎಷ್ಟೋ ಚೆನ್ನಾಗಿ ಪಟಾಕಿ ಹಾರಿದವು. ಎಲ್ಲರೂ ಫೋನ್ ಎತ್ತಿ ಹಿಡಿದಿದ್ದರು. ಮುಗಿಯಿತು, ಕಾರುಗಳ ಕಡೆ ಹೊರಟರು. ನನ್ನ ಪಕ್ಕ ಒಂದು ಮಗು ಅಪ್ಪನ ಹೆಗಲ ಮೇಲಿತ್ತು. ಇಡೀ ಹೊತ್ತು ಆ ಮಗುವಿಗೆ ಮಾಡಲು ಏನೂ ಇರಲಿಲ್ಲ. ನಾವು ಐದು ವಾರ ಬಾಗಿಲು ಬಡಿದದ್ದು, ಹೊತ್ತದ್ದು, ಒಟ್ಟಿದ್ದು, ಕಾದದ್ದು, ಅತ್ತದ್ದು, ಅದೇ ಹಬ್ಬವಾಗಿತ್ತು. ಬೆಂಕಿ ಹಚ್ಚೋದು ಅದರ ಕೊನೆಯ ದಿನ, ಅಷ್ಟೇ.

1974ರಲ್ಲಿ ನಾವು ಧಾರವಾಡಕ್ಕೆ ವಾಪಸ್ ಬಂದೆವು. ಮರುವರ್ಷ ಹೋಳಿ ಹುಣ್ಣಿಮೆ. ನನಗೆ ಹನ್ನೆರಡು ವರ್ಷ, ಕನ್ನಡ ಇನ್ನೂ ತೊದಲು. ಓಣಿಯ ಹುಡುಗರು ಪಟ್ಟಿ ಕೇಳುತ್ತಾ, ಹಲಗಿ ಬಾರಿಸುತ್ತಾ, ಸಿಕ್ಕಿದ ಹಿತ್ತಲಿನಿಂದ ಕುಳ್ಳು ಕಟ್ಟಿಗೆ ಎಗರಿಸುತ್ತಾ ಓಡಾಡೋದನ್ನು ಬಾಗಿಲಲ್ಲಿ ನಿಂತು ನೋಡಿದೆ. ಒಂದೊಂದೂ ಗೊತ್ತಿತ್ತು ನನಗೆ! ಪಕ್ಕದ ಓಣಿಯವರು ಕದಿಯದ ಹಾಗೆ ರಾತ್ರಿ ಕಾವಲು ಕೂರೋದು ಕೂಡ. ಅವರು ಒಟ್ಟಿದ್ದು ಸೊಟ್ಟಗಿತ್ತು. ನಾನು ಹೋಗಿ ಗಾಳಿಗೆ ಬಾಗಿಲು ಬಿಡಿ ಅಂತ ಕೈಸನ್ನೆಯಲ್ಲಿ ಹೇಳಲು ನೋಡಿದೆ. ನಮ್ಮಜ್ಜಿ ಬಂದು ಕೈ ಹಿಡಿದು ಎಳೆದುಕೊಂಡು ಹೋದರು. "ಕಾಮಣ್ಣನ ಹತ್ರ ಹುಡುಗ್ಯಾರಿಗೇನ ಕೆಲಸ?" ಹುಡುಗರು ಬಾಯಿ ಬಡಿದುಕೊಳ್ಳುವಾಗ ಆಡುವ ಮಾತುಗಳು ನಮ್ಮ ಕಿವಿಗೆ ಬೀಳಬಾರದು ಅಂತ ಇರಬೇಕು. ಬೆಳಿಗ್ಗೆ ಅವ್ವ ಕಾಮಣ್ಣನ ಕೆಂಡ ತಂದು ಒಲೆ ಹೊತ್ತಿಸಿ, ಅದರಲ್ಲಿ ಕಡಲೆ ಸುಟ್ಟು ಕೊಟ್ಟರು. ನನಗೆ ಆಲೂಗಡ್ಡೆ ಬೇಕಿತ್ತು. ಅದನ್ನೂ ಹುಗಿದು ಸುಟ್ಟುಕೊಟ್ಟರು.

ಹಾಗಾಗಿ ಆ ಓದುಗರಿಗೂ, ನಗರ ಪಾಲಿಕೆಯವರಿಗೂ ನನ್ನ ಕೇಳಿಕೆ ಇಷ್ಟು. ಟೈರು, ಪ್ಲಾಸ್ಟಿಕ್ ಸುಡೋದನ್ನು ಖಂಡಿತ ತಡೆಯಿರಿ. ಹಸಿ ಮರಕ್ಕೆ ಕೊಡಲಿ ಹಾಕಿದವರಿಗೆ ದಂಡ ಹಾಕಿ. ದಾರಿ ಅಡ್ಡಗಟ್ಟಿ ಪಟ್ಟಿ ವಸೂಲಿ ಮಾಡುವ ದೊಡ್ಡ ಗಂಡಸರನ್ನು ಪೊಲೀಸರು ಕೇಳಲಿ, ಅದು ಮಕ್ಕಳ ಕೆಲಸ, ಅವರದಲ್ಲ. ಆದರೆ ಓಣಿಯ ಕಾಮಣ್ಣನನ್ನು ಮೈದಾನಕ್ಕೆ ಎತ್ತಿಕೊಂಡು ಹೋಗಬೇಡಿ. ವಿದ್ಯುತ್ ತಂತಿಗೆ ತಾಗುತ್ತದೆ ಅಂತ ಸವರಿದ ಕೊಂಬೆಗಳು ರಸ್ತೆ ಪಕ್ಕ ತಿಂಗಳುಗಟ್ಟಲೆ ಬಿದ್ದಿರುತ್ತವಲ್ಲ, ಅವನ್ನು ಹುಣ್ಣಿಮೆಗೆ ಮುಂಚೆ ಓಣಿಗೊಂದು ರಾಶಿ ಹಾಕಿಸಿದರೆ ಸಾಕು. ತಂತಿ ಇಲ್ಲದ, ಡಾಂಬರು ಕರಗದ ಒಂದು ಜಾಗ ಗುರುತು ಮಾಡಿ, ಎರಡು ಬಕೆಟ್ ಮರಳು, ಒಂದು ಪೀಪಾಯಿ ನೀರು ಇರಲಿ. ಹಚ್ಚುವ ಮುಂಚೆ ಕೋಲು ಹಾಕಿ ಕೆದಕಿ, ಬೆಕ್ಕಿನ ಮರಿ ಇರುತ್ತವೆ. ಮತ್ತೆ ಹುಡುಗಿಯರನ್ನು ಬಾಗಿಲಲ್ಲಿ ನಿಲ್ಲಿಸಬೇಡಿ. ಬಾಯಿಗೆ ಬಂದದ್ದು ಕೂಗೋದನ್ನು ಹುಡುಗರೇ ಸ್ವಲ್ಪ ಕಡಿಮೆ ಮಾಡಲಿ, ಅವರಿಗೇನೂ ನಷ್ಟವಿಲ್ಲ.

ನಮ್ಮ ಓಣಿಯಲ್ಲಿ ಈಗ ಮನೆ ಮನೆಗೂ ಗೇಟು, ಕ್ಯಾಮೆರಾ. ಎದುರು ಮನೆಗೆ ಬಾಡಿಗೆಗೆ ಬಂದವರ ಹೆಸರು ನನಗೆ ಇನ್ನೂ ಗೊತ್ತಿಲ್ಲ, ಎರಡು ವರ್ಷವಾಯಿತು. ಅವರಿಗೆ ಎಂಟೊಂಬತ್ತು ವರ್ಷದ ಇಬ್ಬರು ಹುಡುಗಿಯರಿದ್ದಾರೆ.

ನಮ್ಮ ಹಿತ್ತಲಲ್ಲಿ ಮಳೆಗೆ ಮುರಿದುಬಿದ್ದ ಮಾವಿನ ಕೊಂಬೆ ಒಣಗಿ ನಿಂತಿದೆ. ಗೆದ್ದಲು ಹಿಡಿದ ಹಳೆಯ ಬಾಗಿಲೂ ಒಂದಿದೆ. ಅವೆರಡನ್ನೂ ಹಿಂದಿನ ಗೇಟಿನ ಪಕ್ಕಕ್ಕೆ ತಂದು ಇಟ್ಟಿದ್ದೇನೆ. ಮಕ್ಕಳು ಬಂದು ಕೇಳಿದರೆ ಖುಷಿಯಿಂದ ಕೊಡುತ್ತೇನೆ. ಕದ್ದೇ ಒಯ್ಯಬೇಕು ಅನ್ನೋರು ರಾತ್ರಿ ಒಂಬತ್ತರ ಮೇಲೆ ಬರಲಿ. ಹುಣ್ಣಿಮೆಯವರೆಗೂ ಆ ಗೇಟಿಗೆ ನಾನು ಬೀಗ ಹಾಕೋದಿಲ್ಲ.

ನಿಮ್ಮ ಹಳೆಯ ಓದುಗಿ,
ಧಾರವಾಡ